ಉಡದಾರದ ಮಾತು ತೆಗೆದ ಅಜ್ಜಿಗೆ, ಮತ್ತು ಉಳಿದವರಿಗೆ

ಹೋದ ವಾರ ಹುಬ್ಬಳ್ಳಿಯಲ್ಲಿ ನಾನು ಕಲಿಸುವ ವೈದ್ಯಕೀಯ ಉಪಕರಣ ವಿನ್ಯಾಸದ ಕೋರ್ಸಿನ ಹತ್ತನೇ ಬ್ಯಾಚು ಮುಗಿಯಿತು. ಅದೇ ವಾರ, ರೋಗಿಗಳ ಮೇಲಿನ ಪ್ರಯೋಗಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ಪತ್ರವೂ ಬಂತು. ಮೈಬಿಸಿ ಅಳೆಯುವ ಪ್ರೋಬನ್ನು ಹೊಟ್ಟೆಯ ಮೇಲೆ ಹಿಡಿದಿಡಲು ನಮ್ಮ ಹುಡುಗರು ಮಾಡಿದ ಬಟ್ಟೆಯ ಪಟ್ಟಿಯನ್ನು ತಂದೆತಾಯಿಯ ಒಪ್ಪಿಗೆ ಪಡೆದು, ವೈದ್ಯರ ಎದುರಿಗೇ, ಕೂಸುಗಳಿಗೆ ಕಟ್ಟಿ ನೋಡಬಹುದು ಎಂದಿತ್ತು. ಪತ್ರ ಓದಿ ಲ್ಯಾಬಿನ ಸ್ಟೂಲಿನ ಮೇಲೆ ಸುಮ್ಮನೆ ಕೂತೆ. ಆಗ ಕಣ್ಮುಂದೆ ಬಂದವರು ಒಬ್ಬ ಸಿಸ್ಟರ್, ಒಬ್ಬ ಅಜ್ಜಿ, ಒಬ್ಬ ಟೇಲರ್. ನಮ್ಮ ವರದಿಯ ಮುಖಪುಟದಲ್ಲಿ ಇವರ ಹೆಸರಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡಲು ವಾರ್ಮರ್ ಇರುತ್ತದೆ. ತೆರೆದ ತೊಟ್ಟಿಲಿನಂಥ ಹಾಸಿಗೆ, ಮೇಲೊಂದು ಹೀಟರ್. ಕೂಸಿನ ಹೊಟ್ಟೆಯ ಮೇಲೆ ಗುಂಡಿಯಷ್ಟಗಲದ ಪ್ರೋಬನ್ನು ಅಂಟಿಸುತ್ತಾರೆ. ಅದು ಚರ್ಮದ ಬಿಸಿ ಅಳೆದು ಹೇಳುತ್ತದೆ, 36.5 ಡಿಗ್ರಿಗೆ ಇಟ್ಟಿದ್ದರೆ ಯಂತ್ರ ಅದಕ್ಕೆ ತಕ್ಕಂತೆ ಶಾಖ ಏರಿಸಿ ಇಳಿಸುತ್ತದೆ. ಈ ಪ್ರೋಬು ಕಿತ್ತು ಬಂದರೆ ಗಾಳಿಯ ಬಿಸಿ ಅಳೆಯತೊಡಗುತ್ತದೆ. ಕೂಸು ತಣ್ಣಗಾಗಿದೆ ಎಂದುಕೊಂಡು ಯಂತ್ರ ಕಾಯಿಸುತ್ತಲೇ ಹೋಗುತ್ತದೆ. ಕೂಸು ಪ್ರೋಬಿನ ಮೇಲೆಯೇ ಮಲಗಿದರೆ ಇದಕ್ಕೆ ತಿರುವು ಮುರುವು, ಹೀಟರ್ ತಗ್ಗಿ ಕೂಸು ತಣ್ಣಗಾಗುತ್ತದೆ. ಗಟ್ಟಿಯಾಗಿ ಅಂಟಿಸೋಣವೆಂದರೆ ಆ ಎಳೆಯ ಚರ್ಮ ಟೇಪಿನ ಜೊತೆಗೇ ಸುಲಿದು ಬರುತ್ತದೆ.

ನಾವು ಮೊದಲು ಮಾಡಿದ್ದು ಹೊಸ ಬಗೆಯ ಟೇಪು. ಲ್ಯಾಬಿನಲ್ಲಿ ಗೊಂಬೆಯ ಮೇಲೆ ಚೆಂದ ಕೂತಿತ್ತು. ಅದನ್ನು ವಾರ್ಡಿಗೆ ಒಯ್ದ ದಿನ ಸಿಸ್ಟರ್ ಗ್ಲೌಸ್ ಹಾಕಿಕೊಂಡರು, ಒಂದು ತುಂಡು ತೆಗೆದರು. ಅದು ಅವರ ಹೆಬ್ಬೆರಳಿಗೆ ಅಂಟಿತು. ಬಿಡಿಸಲು ಹೋದರೆ ತೋರುಬೆರಳಿಗೆ ಅಂಟಿತು. ನಾಲ್ಕು ಸಲ ಹೀಗೇ ಆಯಿತು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಒಂದ ದಿನ ರಾತ್ರಿ ಎರಡಕ್ಕ ಬಂದು ನೀವ ಹಚ್ಚಿ ನೋಡ್ರಿ. ಆ ಕಡೆ ಅಲಾರಾಂ ಹೊಡೀತಿರತೈತಿ, ಈ ಕಡೆ ಕೂಸು ಕಾಲು ಒದೀತಿರತೈತಿ" ಅಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಹೋದೆವು. ಎರಡು ರಾತ್ರಿ ಮೂಲೆಯಲ್ಲಿ ನಿಂತು ನೋಡಿದೆವು. ಸಿಸ್ಟರ್, ಆರು ವರ್ಷ ಪಾಠ ಮಾಡಿದ್ದ ನನಗೆ ನನ್ನ ವಿಷಯ ನಿಜವಾಗಿ ಅರ್ಥವಾಗಿದ್ದು ಆ ಎರಡು ರಾತ್ರಿಯಲ್ಲಿ. ಅಷ್ಟು ಕೆಲಸದ ನಡುವೆ ನಮ್ಮ ಹುಡುಗರ ಪ್ರಶ್ನೆಗೆಲ್ಲ ನಿಂತು ಉತ್ತರ ಹೇಳಿದಿರಿ. ನಿಮ್ಮ ಋಣ ದೊಡ್ಡದು.

ವೈದ್ಯಕೀಯ ಉಪಕರಣಗಳ ಬಳಕೆಯ ಸುರಕ್ಷತೆಗೆಂದೇ ಐಇಸಿ 62366 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ "ಬಳಸಿದವರ ತಪ್ಪು" ಎನ್ನುವುದಿಲ್ಲ, "ಬಳಕೆಯಲ್ಲಾದ ತಪ್ಪು" ಎನ್ನುತ್ತಾರೆ. ಪ್ರತಿ ವರ್ಷ ಇದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಈಗ ಬರೆಯುವಾಗ ಗ್ಲೌಸಿಗೆ ಅಂಟಿದ ಆ ಟೇಪು ನೆನಪಾಗುತ್ತದೆ.

ಅಜ್ಜಿಯ ಮಾತಿಗೆ ಬರುತ್ತೇನೆ. ಮೊಮ್ಮಗನನ್ನು ನೋಡಲು ಕಾಯುತ್ತ ವಾರ್ಡಿನ ಹೊರಗೆ ಕೂತಿದ್ದರು. ನಮ್ಮ ಹುಡುಗಿಯೊಬ್ಬಳು ಮಾತಿಗೆ ಮಾತು ಬಂದು ಟೇಪಿನ ಕಷ್ಟ ಹೇಳಿಕೊಂಡಳು. ಅವರು, "ಅಂಟಸೂದು ಯಾಕವಾ? ಉಡದಾರ ಕಟ್ಟಿದಂಗ ಕಟ್ಟಾಕ ಬರೂದಿಲ್ಲೇನು?" ಎಂದು ಕೇಳಿದರು. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಳು. ಮೂರು ತಿಂಗಳು ನಾಲ್ಕು ಜನ ತಲೆ ಕೆಡಿಸಿಕೊಂಡರೂ ನಮಗೆ ಟೇಪು ಬಿಟ್ಟು ಬೇರೆ ದಾರಿಯೇ ತೋಚಿರಲಿಲ್ಲ.

ಹಾಗೆಂದು ದಾರದ ಹಾಗೆ ಬಿಗಿಯಲು ಬರುವುದಿಲ್ಲ. ಇಂಥ ಕೂಸುಗಳು ಉಸಿರಾಡುವುದು ಹೊಟ್ಟೆಯಿಂದ, ಪಟ್ಟಿ ಬಿಗಿಯಾದರೆ ಉಸಿರಿಗೇ ಕುತ್ತು ಎಂದು ಮಕ್ಕಳ ಡಾಕ್ಟರು ಎಚ್ಚರಿಸಿದರು. ದುರ್ಗದಬೈಲಿನ ಹತ್ತಿರದ ನಮ್ಮ ಟೇಲರಣ್ಣ ಬನಿಯನ್ ಬಟ್ಟೆ ತೆಗೆದು, ಎರಡೂ ಕೈಯಲ್ಲಿ ಎಳೆದು ತೋರಿಸಿ, "ಇದನ್ನ ಅಡ್ಡ ಕತ್ತರಿಸಿದರ ಹಿಗ್ಗತೈತ್ರಿ, ಉದ್ದಕ ಕತ್ತರಿಸಿದರ ಇಲ್ಲ" ಎಂದರು. ಹೊಲಿಗೆ ಚರ್ಮಕ್ಕೆ ಒತ್ತಬಾರದೆಂದು ಅಂಚನ್ನು ಹೊರಮುಖವಾಗಿ ಮಡಚಿದವರೂ ಅವರೇ. ಹದಿನೇಳು ಪಟ್ಟಿ ಹೊಲಿದುಕೊಟ್ಟರು. ಮೊದಲ ಒಂಬತ್ತಕ್ಕೆ ದುಡ್ಡು ಮುಟ್ಟಲಿಲ್ಲ.

ನನ್ನ ಮೊದಲ ತರಗತಿ ಯಾವಾಗಲೂ ಜೈಪುರ ಕಾಲಿನಿಂದ ಶುರು. ಹೊರಗಿನಿಂದ ಬಂದ ಕೃತಕ ಕಾಲಿನಲ್ಲಿ ನಮ್ಮವರಿಗೆ ಕುಕ್ಕರಗಾಲಲ್ಲಿ ಕೂರಲು, ಚಕ್ಕಳಮಕ್ಕಳ ಹಾಕಲು, ಬರಿಗಾಲಲ್ಲಿ ಗದ್ದೆಗಿಳಿಯಲು ಆಗುತ್ತಿರಲಿಲ್ಲ. 1960ರ ದಶಕದ ಕೊನೆಗೆ ಡಾ. ಪಿ. ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಇದೆಲ್ಲ ಆಗುವಂಥ ರಬ್ಬರಿನ ಕಾಲು ಮಾಡಿದರು. 1981ರಲ್ಲಿ ಸೇಥಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮಾರ ಹೆಸರು ಹೇಳಿದರೆ ತರಗತಿಯಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ನಮ್ಮ ಪಟ್ಟಿಯ ವಿಷಯದಲ್ಲಿ ಹಾಗಾಗುವುದು ನನಗೆ ಬೇಡ. ಟೇಲರಣ್ಣನ ಹೆಸರು ವಿನ್ಯಾಸಕಾರರ ಸಾಲಿನಲ್ಲಿ ಇರಲೇಬೇಕೆಂದು ಹುಡುಗರು ಹಟ ಹಿಡಿದಿದ್ದಾರೆ, ನಾನೂ ಹಿಡಿದಿದ್ದೇನೆ.

ಹಳೆಯ ವಾರ್ಮರ್ ಬಿಚ್ಚಿ ಒಳಗಿನ ವೈರು ವೈರನ್ನೂ ತೋರಿಸಿದ ಆಸ್ಪತ್ರೆಯ ಬಯೋಮೆಡಿಕಲ್ ತಂತ್ರಜ್ಞರಿಗೆ, ನಮ್ಮ ಅರ್ಜಿಯನ್ನು ಎರಡು ಸಲ ಹಿಂದಕ್ಕೆ ಕಳಿಸಿ ಒಪ್ಪಿಗೆ ಪತ್ರ ತಾಯಂದಿರಿಗೆ ತಿಳಿಯುವ ಕನ್ನಡದಲ್ಲಿ ಇರಲಿ ಎಂದ ಕಮಿಟಿಯವರಿಗೆ, ಭಾನುವಾರವೂ ಲ್ಯಾಬಿನ ಬಾಗಿಲು ತೆಗೆದ ಅಟೆಂಡರ್ ಮಾಮಾಗೆ ನಮಸ್ಕಾರ. ಹತ್ತು ಬ್ಯಾಚಿನ ನನ್ನ ಮಕ್ಕಳೇ, ನಾಚಿಕೆ ಬಿಟ್ಟು ಕೇಳಲು ಕಲಿತಿರಿ, ಕೇಳಿದ್ದನ್ನು ಹಾಗೇ ಬರೆದುಕೊಂಡು ಬಂದಿರಿ. ಅದು ನನಗೆ ಬಹಳ ಹೆಮ್ಮೆ.

ಅಜ್ಜಿಯ ಮೊಮ್ಮಗ ಬಹಳ ಹಿಂದೆಯೇ ಮನೆಗೆ ಹೋಗಿದ್ದಾನೆ. ಅವರ ಊರು ಯಾವುದೆಂದು ನಾವು ಕೇಳಿರಲಿಲ್ಲ, ಆ ಕೊರಗು ಇದೆ. ಸಿಸ್ಟರ್‌ಗೆ ಮಾತ್ರ ಪತ್ರ ಬಂದ ದಿನವೇ ಫೋನು ಮಾಡಿದೆ. ಖುಷಿಪಟ್ಟರು. ಇಡುವ ಮುಂಚೆ, "ಬಿಳಿ ಪಟ್ಟಿ ಬ್ಯಾಡ್ರಿ ಮೇಡಂ, ಬಿಳಿ ಹಾಸಿಗಿ ಮ್ಯಾಲ ರಾತ್ರಿ ಕಾಣೂದಿಲ್ಲ" ಅಂದರು. ಇವತ್ತು ಸಂಜೆ ಹಳದಿ ಬಟ್ಟೆ ತೆಗೆದುಕೊಂಡು ಟೇಲರಣ್ಣನ ಅಂಗಡಿಗೆ ಹೊರಟಿದ್ದೇನೆ.