ಮಗಳಿಗೊಂದು ಪತ್ರ: 45 ಸಾವಿರ ಕಳಿಸುವ ಮೊದಲು

ಪುಟ್ಟೀ,

ನೀನು ಕಳಿಸಿದ ಕಥೆಗಳ ಕಟ್ಟು ತಲುಪಿತು. ಫೋನಿನಲ್ಲಿ ಹೇಳಿದ ಮಾತೂ ತಲೆಯಲ್ಲೇ ಕೂತಿದೆ. "ಅಪ್ಪಾ, ಒಬ್ಬ ಪ್ರಕಾಶಕರು ಪುಸ್ತಕ ಮಾಡೋಕೆ ಒಪ್ಪಿದ್ದಾರೆ, 45 ಸಾವಿರ ಕಳಿಸಬೇಕಂತೆ" ಅಂದೆ. ನಾನು ಆಗ ಜಾಸ್ತಿ ಮಾತಾಡಲಿಲ್ಲ. ಬೈಯಬಹುದು ಅಂತ ನಿನಗೂ ಅಳುಕಿತ್ತು, ದನಿಯಲ್ಲೇ ಗೊತ್ತಾಯಿತು. ಬೈಯುವುದಿಲ್ಲ. ಕಾಗದದಲ್ಲಿ ಹೇಳಿದರೆ ನಡುವೆ "ಗೊತ್ತು ಬಿಡಪ್ಪಾ" ಅನ್ನೋಕಾಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡು. 300 ಪ್ರತಿಗೆ 45 ಸಾವಿರ ಅಂದರೆ ಪ್ರತಿಗೆ 150 ರೂಪಾಯಿ. ನಿನ್ನ ಹನ್ನೊಂದು ಕಥೆಗಳನ್ನು ಡೆಮಿ 1/8 ಅನ್ನುವ ಪುಸ್ತಕದ ಅಳತೆಗೆ ಕೂರಿಸಿ ನೋಡಿದೆ. 128 ಪುಟ ಆಗುತ್ತದೆ. 16 ಪುಟಕ್ಕೊಂದು ಫಾರ್ಮ್, ಒಟ್ಟು ಎಂಟು ಫಾರ್ಮ್. 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಬಣ್ಣದ ಮುಖಪುಟ, ಬೈಂಡಿಂಗ್ ಎಲ್ಲ ಸೇರಿ ನಮ್ಮ ಪ್ರೆಸ್‌ನಲ್ಲಿ ಪ್ರತಿಗೆ 80 ದಾಟುವುದಿಲ್ಲ. ಉಳಿದ 70 ಯಾವುದಕ್ಕೆ? ತಿದ್ದುವುದಕ್ಕಾ, ಅಂಗಡಿಗಳಿಗೆ ತಲುಪಿಸುವುದಕ್ಕಾ? ಕೇಳಿ ನೋಡು. ಹಾಗೇ ಇನ್ನೊಂದು ಮಾತೂ ಕೇಳು: "ಸರ್, ನಿಮಗೆ ಇದರಲ್ಲಿ ಯಾವ ಕಥೆ ಹಿಡಿಸಿತು?" ಅದಕ್ಕೆ ಉತ್ತರ ಬರಲಿಲ್ಲ ಅಂದರೆ ಅವರು ಒಪ್ಪಿದ್ದು ನಿನ್ನ ಕಥೆಗಳನ್ನಲ್ಲ.

ನಾನು ಇಷ್ಟು ಹೇಳೋಕೆ ಕಾರಣ ಇದೆ. ಅಟ್ಟದ ಮೇಲೆ ಒಂದು ತಗಡಿನ ಟ್ರಂಕ್ ಇದೆಯಲ್ಲ, ಚಿಕ್ಕವಳಿದ್ದಾಗ ಅದರ ಮೇಲೆ ಕೂತು ಆಡುತ್ತಿದ್ದೆ. ಅದರಲ್ಲಿರುವುದು ನನ್ನ ಕವನ ಸಂಕಲನ. 1994ರದ್ದು. ಸಾವಿರ ಪ್ರತಿ. ನಿಮ್ಮವ್ವನ ಒಂದು ಜೊತೆ ಪಾಟ್ಲಿ ಬಳೆ ಒತ್ತೆ ಇಟ್ಟು ಮಾಡಿಸಿದ್ದು. ರಾತ್ರಿ ಪ್ರೆಸ್ ಬಾಗಿಲು ಹಾಕಿದ ಮೇಲೆ ನಾನೇ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸಿದೆ. ಕರಡನ್ನೂ ನಾನೇ ನಾಲ್ಕು ಸಲ ತಿದ್ದಿದೆ. ಬಿಡುಗಡೆಯ ದಿನ ಅಧ್ಯಕ್ಷರು ಪುಸ್ತಕ ತೆರೆದು ಮೊದಲ ಪದ್ಯ ಓದಿದರು: "ಮೊದಲ ಮೊಳೆ ಬಿತ್ತು ಅಂಗಳದ ತುಂಬ." ಮಳೆ ಮೊಳೆ ಆಗಿತ್ತು! ಸಭೆ ಗೊಳ್ ಅಂತು. ಬೇರೆಯವರ ಪುಸ್ತಕದಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೂ ಹಿಡಿಯುವ ನನಗೆ ನನ್ನದು ಕಾಣಿಸಿರಲಿಲ್ಲ. ತಲೆಯಲ್ಲಿ ಮಳೆ ಇತ್ತು, ಕಣ್ಣು ಮಳೆಯನ್ನೇ ಓದುತ್ತಿತ್ತು.

ಸಾವಿರದಲ್ಲಿ ಮುನ್ನೂರು ಗೌರವ ಪ್ರತಿ ಅಂತ ಹಂಚಿದೆ. ನೂರೋ ಏನೋ ಮಾರಿದವು. ಉಳಿದದ್ದರಲ್ಲಿ ಇಲಿ ತಿಂದದ್ದೆಷ್ಟು ಅಂತ ಎಣಿಸಿಲ್ಲ. ಪಾಟ್ಲಿ ಬಿಡಿಸಿಕೊಳ್ಳೋಕೆ ಮೂರು ವರ್ಷ ಬೇಕಾಯಿತು.

ಸ್ವಂತ ದುಡ್ಡಿನಲ್ಲಿ ಪುಸ್ತಕ ಮಾಡುವುದು ತಪ್ಪು ಅಂತಲ್ಲ. ನಮ್ಮ ಪಕ್ಕದ ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಆದರೆ ನೋಡು, ಅವರು ಹೊತ್ತರು. ನಿನ್ನ ದುಡ್ಡು ತೊಗೊಂಡವರು ಹೊರುವುದಿಲ್ಲ. ಡಬ್ಬ ತಂದು ನಿನ್ನ ರೂಮಿನ ಬಾಗಿಲಲ್ಲಿ ಇಳಿಸಿ ಹೋಗುತ್ತಾರೆ. ನೀನು ಹೊರುವುದಕ್ಕೆ ತಯಾರಿದ್ದರೆ ಹೇಳು, ಇಲ್ಲೇ ಅಚ್ಚು ಹಾಕಿಸೋಣ. ಗದಗನ್ನು ಮುದ್ರಣ ಕಾಶಿ ಅಂತ ಸುಮ್ನೆ ಕರೆಯುತ್ತಾರಾ?

ಈಗ ಕಥೆಗಳಿಗೆ ಬರುತ್ತೇನೆ. ನಾನು ಕೆಲಸ ಕಲಿತದ್ದು ಮೊಳೆಗಳ ಕಾಲದಲ್ಲಿ. ಮೊಳೆ ಪೆಟ್ಟಿಗೆಯಲ್ಲಿ ಗುಣಿತಕ್ಕೆ ಒಂದು ಮನೆ, ಒತ್ತಕ್ಷರಕ್ಕೆ ಒಂದು ಮನೆ, ಒಂದೊಂದನ್ನೂ ಬೆರಳಲ್ಲಿ ಹೆಕ್ಕಿ ತಲೆಕೆಳಗಾಗಿ ಜೋಡಿಸಬೇಕು. ಆಗ ಯಾರಾದರೂ "ಅತ್ಯಂತ ಸುಂದರವಾದ" ಅಂತ ಬರೆದಿದ್ದರೆ ಬೆರಳಿಗೇ ಸಿಟ್ಟು ಬರುತ್ತಿತ್ತು. ತ ಬೇಕು, ಅದಕ್ಕೆ ಯ ಒತ್ತು ಬೇಕು, ಇಷ್ಟೆಲ್ಲ ಮಾಡಿದ ಮೇಲೂ ಓದುವವನಿಗೆ ಏನೂ ಕಾಣುವುದಿಲ್ಲ. ನಿನಗೆ ಕೀಬೋರ್ಡ್ ಇದೆ, ಪದಕ್ಕೆ ಭಾರ ಇಲ್ಲ. ಅದೇ ತೊಂದರೆ ಅನಿಸುತ್ತದೆ ನನಗೆ.

ಮೂರನೇ ಕಥೆ ತೆಗೆ. ಮಗ ಹೊಲ ಮಾರಿ ಬಂದ ದಿನ ಅಜ್ಜಿ ರೊಟ್ಟಿ ಬಡಿಯುತ್ತಾಳಲ್ಲ, ಅಲ್ಲಿ. "ಅಜ್ಜಿಯ ಮನಸ್ಸು ದುಃಖದಿಂದ ಭಾರವಾಗಿತ್ತು. ಕಣ್ಣಂಚಿನಲ್ಲಿ ಕಂಬನಿ ತುಂಬಿಕೊಂಡಿತ್ತು. ಹೇಳಲಾಗದ ನೋವನ್ನು ನುಂಗಿಕೊಂಡು ಮೌನವಾಗಿ ರೊಟ್ಟಿ ಬಡಿಯುತ್ತಿದ್ದಳು." ಇದನ್ನು ನಾನು ಮೂವತ್ತೆಂಟು ವರ್ಷದಲ್ಲಿ ಎಷ್ಟು ಪುಸ್ತಕಗಳಲ್ಲಿ ತಿದ್ದಿದ್ದೇನೋ. ಅಜ್ಜಿ ಬದಲಾಗುತ್ತಾಳೆ, ಕಂಬನಿ ಅದೇ. ಆದರೆ ಎರಡು ಪುಟ ಬಿಟ್ಟು ನೀನೇ ಒಂದು ಸಾಲು ಬರೆದಿದ್ದೀಯ: "ರೊಟ್ಟಿ ಒಂದು ಬದಿ ದಪ್ಪ ಇತ್ತು." ಮೊಮ್ಮಗಳು ತಿನ್ನುವಾಗ ಬರುವ ಸಾಲು. ಅದನ್ನು ಇಲ್ಲಿಗೆ ತಾ. ಮೇಲಿನ ಮೂರೂ ಹೊಡೆದು ಹಾಕು. "ಆವತ್ತು ಅಜ್ಜಿಯ ರೊಟ್ಟಿಗಳೆಲ್ಲ ಒಂದು ಬದಿ ದಪ್ಪ ಬಂದವು." ಇಷ್ಟೇ ಸಾಕು. ಕೆಂಪು ಪೆನ್ನಿನಲ್ಲಿ ಗೀಟು ಹಾಕಿದ್ದೇನೆ, ನೋಡು.

ಬೇರೆ ಕಥೆಗಳಲ್ಲೂ ಅಲ್ಲಲ್ಲಿ ಗೀಟು ಇವೆ. ಎಲ್ಲ ಒಪ್ಪಬೇಕು ಅಂತಿಲ್ಲ. ಒಂದು ಕೆಲಸ ಮಾತ್ರ ಮಾಡು. ಕಥೆ ಮುಗಿದ ಮೇಲೆ ಎರಡು ತಿಂಗಳು ಅದನ್ನು ತೆಗೆಯಬೇಡ. ಆಮೇಲೆ ಗಟ್ಟಿಯಾಗಿ ಓದು. ಪ್ರೆಸ್‌ನಲ್ಲಿ ನಾವು ಕರಡು ತಿದ್ದುವುದು ಹಾಗೇ, ಒಬ್ಬ ಮೂಲ ಪ್ರತಿ ಓದುತ್ತಾನೆ, ಇನ್ನೊಬ್ಬ ಕರಡಿನ ಮೇಲೆ ಕಣ್ಣಿಟ್ಟಿರುತ್ತಾನೆ. ಓದುವಾಗ ನಾಲಿಗೆ ತೊಡರಿದ ಜಾಗದಲ್ಲೆಲ್ಲ ಏನೋ ಕೆಟ್ಟಿರುತ್ತದೆ. ನಿನ್ನ ಜೊತೆಗಿರುವ ಹುಡುಗಿಗೆ ಕನ್ನಡ ಬರುತ್ತದಲ್ಲ? ಅವಳಿಗೆ ಒಂದು ಚಹಾ ಕುಡಿಸಿ ಕೂರಿಸಿಕೋ.

ಪುಸ್ತಕಕ್ಕಿಂತ ಮೊದಲು ಕಥೆಗಳು ಒಂದೊಂದಾಗಿ ಹೊರಗೆ ಹೋಗಲಿ. ಮಯೂರ ಇದೆ, ತುಷಾರ ಇದೆ, ಸುಧಾ, ತರಂಗ ಇವೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಗೆ ಮೂರನೇ ಕಥೆ ಕಳಿಸಬಹುದು, ತಿದ್ದಿದ ಮೇಲೆ. ಒಂದು ಕಥೆ ಒಂದು ಕಡೆಗೇ. "ಸ್ವಂತ ರಚನೆ, ಅನುವಾದವಲ್ಲ, ಬೇರೆಲ್ಲೂ ಪ್ರಕಟವಾಗಿಲ್ಲ" ಅಂತ ಎರಡು ಸಾಲು ಬರೆದು ಕಳಿಸು. ಫೇಸ್‌ಬುಕ್‌ನಲ್ಲಿ ಹಾಕಿದ್ದನ್ನೂ ಪ್ರಕಟವಾದದ್ದು ಅಂತಲೇ ಅನೇಕರು ಲೆಕ್ಕ ಹಾಕುತ್ತಾರೆ, ಅದಕ್ಕೇ ಅಲ್ಲಿ ಆತುರ ಬೇಡ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ಬದಲಿಸಿದರೆ ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ, ಕಳಿಸುವ ಮೊದಲು ಇನ್ನೊಮ್ಮೆ ಓದು. ಮೂರು ತಿಂಗಳಾದರೂ ಸುದ್ದಿ ಬರದಿದ್ದರೆ ವಿಚಾರಿಸಿಕೊಂಡು ಬೇರೆ ಕಡೆ ಕಳಿಸು. ಅಳುತ್ತಾ ಕೂರಬೇಡ. ನೀನು ಕೂರುತ್ತೀಯ, ನನಗೆ ಗೊತ್ತು.

ಆಮೇಲೆ ಪುಸ್ತಕ. ಛಂದ ಪುಸ್ತಕ ಪ್ರಕಾಶನದವರು ಮೊದಲ ಕಥಾಸಂಕಲನಕ್ಕೆ ಅಂತಲೇ ಹಸ್ತಪ್ರತಿ ಸ್ಪರ್ಧೆ ನಡೆಸಿಕೊಂಡು ಬಂದಿದ್ದಾರೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಪೇಪರ್‌ನಲ್ಲಿ ಕಣ್ಣಿಟ್ಟಿರು.

ಯಾರೇ ಪುಸ್ತಕ ಮಾಡಲಿ, ಸಹಿ ಹಾಕುವ ಮೊದಲು ಒಪ್ಪಂದ ನನಗೆ ವಾಟ್ಸ್ಆಪ್ ಮಾಡು. ಆ ಪ್ರಕಾಶಕರ ಕಾಗದದಲ್ಲಿ "ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರಿಗೆ" ಅಂತ ಇದೆ ಅಂದೆಯಲ್ಲ, ಅದಕ್ಕಂತೂ ಸಹಿ ಹಾಕಬೇಡ. ಹಕ್ಕು ಅನ್ನುವುದು ನೀನು ಬರೆದ ಗಳಿಗೆಯಿಂದಲೇ ನಿನ್ನದು, ಬರೆದವರು ಹೋದ ಮೇಲೂ 60 ವರ್ಷ ಇರುತ್ತದೆ. ಪ್ರಕಾಶಕರಿಗೆ ಹಕ್ಕು ಎಷ್ಟು ವರ್ಷಕ್ಕೆ ಅಂತ ಒಪ್ಪಂದದಲ್ಲಿ ಬರೆಯದೇ ಬಿಟ್ಟರೆ ನಮ್ಮ ಕಾನೂನು ಐದು ವರ್ಷ ಅಂತ ಹಿಡಿಯುತ್ತದೆ. "ಶಾಶ್ವತ" ಅಂತ ಬರೆದು ಸಹಿ ಹಾಕಿದರೆ ಆ ರಕ್ಷಣೆಯೂ ಹೋಯಿತು. ಅನುವಾದ, ಆಡಿಯೋ, ಸಿನಿಮಾ ಬೇರೆ ಬೇರೆ ಹಕ್ಕುಗಳು, ಒಂದೇ ಗಂಟಿನಲ್ಲಿ ಕಟ್ಟಿ ಕೊಡಬೇಡ. ಅನುವಾದ ಎಲ್ಲಿ ಆಗುತ್ತೆ ಬಿಡಪ್ಪಾ ಅನ್ನಬೇಡ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದದ್ದು ಹಾಸನದಲ್ಲಿ ಕೂತು ಬಾನು ಮುಷ್ತಾಕ್ ಅವರು ಕನ್ನಡದಲ್ಲಿ ಬರೆದ ಕಥೆಗಳು. ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರಿಗೆ ಬಹುಮಾನದಲ್ಲಿ ಅರ್ಧ ಪಾಲು. ಹನ್ನೆರಡೇ ಕಥೆ, 1990ರಿಂದ 2023ರ ನಡುವೆ ಬರೆದವು. ನಿನ್ನ ಹನ್ನೊಂದು ಕಥೆ ಎಷ್ಟು ದಿನದಲ್ಲಿ ಬರೆದೆ? ಹದಿನಾಲ್ಕು ತಿಂಗಳು ಅಂದ ಹಾಗಿತ್ತು.

ಕಾಗದ ಇಲ್ಲಿಗೇ ಮುಗಿಸಿ ಮಡಚಿಟ್ಟಿದ್ದೆ. ರಾತ್ರಿ ನಿಮ್ಮವ್ವ ಮೂರನೇ ಕಥೆ ಓದಿದಳು. ನನ್ನ ಕೆಂಪು ಗೀಟು ನೋಡಿ ನಕ್ಕಳು. "ಇದು ನಮ್ಮತ್ತಿ ಅಲ್ಲೇನ್ರಿ? ಅವ್ರು ಎಡಗೈಲೆ ಬಡೀತಿದ್ರು. ಅವ್ರ ರೊಟ್ಟಿ ದಿನಾ ಒಂದ್ ಬದಿ ದಪ್ಪನ ಇರ್ತಿದ್ವು. ಸಿಟ್ಟು ಬಂದ್ರ ಅಷ್ಟ ಹಾಳಿಯಂಗ ತೆಳ್ಳಗ ಬಡೀತಿದ್ರು."

ನಮ್ಮವ್ವನ ಕೈಯ ರೊಟ್ಟಿ ಎಷ್ಟು ವರ್ಷ ತಿಂದಿದ್ದೇನೆ. ನನಗೆ ಗೊತ್ತೇ ಇರಲಿಲ್ಲ ನೋಡು. ಆ ಗೀಟನ್ನೂ ಹೊಡೆದು ಹಾಕು, ಬೇರೆ ಬರಿ.

ನಿನ್ನ
ಅಪ್ಪ