ಜ್ವರ ಹೆಚ್ಚಿಲ್ಲ ಅಂದವರು ಕ್ಲಿನಿಕ್ಕಿಗೆ ಬಂದು ನೋಡಲಿ

ಸಂಪಾದಕರೇ,

ನಮ್ಮ ಬಡಾವಣೆಯ ಜ್ವರದ ಬಗ್ಗೆ ಮೊನ್ನೆ ನಿಮ್ಮಲ್ಲಿ ಬಂದ ವರದಿ ಓದಿ ಮೈಯೆಲ್ಲ ಉರಿಯಿತು. ‘ಜ್ವರದ ಪ್ರಕರಣ ಹೆಚ್ಚಾಗಿಲ್ಲ, ಜನ ಸುಮ್ನೆ ಗಾಬರಿಯಾಗಬಾರದು’ ಎಂದಿದ್ದಾರೆ ಅಧಿಕಾರಿಗಳು. ಅದು ಅಚ್ಚಾದ ದಿನ ನಮ್ಮ ಮನೆಯಲ್ಲಿ ಮೂವರು ಮಲಗಿದ್ದರು. ಮೊದಲು ಮಗಳು ಶಾಲೆಯಿಂದ ಹೊತ್ತು ತಂದಳು. ಮೂರನೇ ದಿನ ಯಜಮಾನರು. ಆಮೇಲೆ 74 ವರ್ಷದ ಅತ್ತೆ, ಅವರಿಗೆ ಮೊದಲೇ ದಮ್ಮು. ನಾನು ಐದು ದಿನ ರಜೆ ಹಾಕಿದೆ, ಸಂಬಳ ಹೋಯಿತು. ಗಂಜಿ ಬೇಯಿಸುವುದು, ಬಟ್ಟೆ ಒಗೆಯುವುದು, ರಾತ್ರಿ ಎರಡು ಗಂಟೆಗೆ ಅತ್ತೆಯ ಬೆನ್ನು ನೀವುತ್ತಾ ಕೂರುವುದು. ಅದರ ನಡುವೆ ಎರಡು ದಿನ ನಲ್ಲಿ ನೀರೂ ಬಿಡಲಿಲ್ಲ.

ಶನಿವಾರ ಡಾಕ್ಟರ ಹತ್ತಿರ ಹೋದರೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಸಾಲು ಪಕ್ಕದ ಜೆರಾಕ್ಸ್ ಅಂಗಡಿಯವರೆಗೂ ಇತ್ತು. ಒಂದೂವರೆ ಗಂಟೆ ಕಾದೆವು. ಡಾಕ್ಟರು ತಮ್ಮ ಉದ್ದನೆಯ ನೋಟ್‌ಬುಕ್ ತೆಗೆದು, ಹೆಸರುಗಳ ಮೇಲೆ ಅಂಗೈ ಇಟ್ಟು, ಅಂಚನ್ನು ಮಾತ್ರ ತೋರಿಸಿದರು. ಜ್ವರ, ಕೆಮ್ಮು ಎರಡೂ ಇದ್ದವರಿಗೆ ಕೆಂಪು ಚುಕ್ಕೆ. ಹೋದ ತಿಂಗಳು ಅಲ್ಲೊಂದು ಇಲ್ಲೊಂದು. ಈ ವಾರದ ಪುಟದಲ್ಲಿ ಮೇಲಿಂದ ಕೆಳಗಿನವರೆಗೂ ಕೆಂಪು. ‘ಅಧಿಕಾರಿಗಳಿಗೆ ಎರಡು ಸಲ ಫೋನ್ ಮಾಡಿ ಹೇಳಿದೆ ಕಣಮ್ಮ. ಖಾಸಗಿ ಕ್ಲಿನಿಕ್ಕಿನ ಲೆಕ್ಕ ನಮಗೆ ಬರಲ್ಲ ಅಂದರು’ ಎಂದರು.

ಯಾಕೆ ಬರಲ್ಲ? ರೋಗಗಳ ಮೇಲೆ ಕಣ್ಣಿಡಲು 2004ರಿಂದ ಐಡಿಎಸ್‌ಪಿ ಅಂತ ಸರ್ಕಾರದ ಯೋಜನೆ ಇದೆ. ರೋಗಿಗಳ ಲೆಕ್ಕ ಬರೆದು ಕಳಿಸಲು ಆರೋಗ್ಯ ಕಾರ್ಯಕರ್ತೆಯರಿಗೆ ಎಸ್ ಫಾರಂ, ಡಾಕ್ಟರಿಗೆ ಪಿ ಫಾರಂ, ಲ್ಯಾಬಿಗೆ ಎಲ್ ಫಾರಂ. 2021ರಿಂದ ಎಲ್ಲವೂ ಕಂಪ್ಯೂಟರಿನಲ್ಲಿ. ಆದರೆ ಜ್ವರ ಬಂದವರು ಮೊದಲು ಹೋಗುವುದು ಎಲ್ಲಿಗೆ? ಬೀದಿ ಕೊನೆಯ ಡಾಕ್ಟರ ಹತ್ತಿರ ಅಲ್ವಾ? ಉಸಿರು ಕಟ್ಟಿದಾಗ ತಾನೇ ದೊಡ್ಡಾಸ್ಪತ್ರೆ? ಅಲ್ಲಿ ಮಂಚ ತುಂಬಿದ ಮೇಲೆ ಎಣಿಸಿದರೆ ಏನು ಬಂತು? ಅಷ್ಟು ಹೊತ್ತಿಗೆ ಸೋಂಕು ಊರೆಲ್ಲ ಸುತ್ತಿರುತ್ತದೆ. ಫ್ರಾನ್ಸಿನಲ್ಲಿ 1984ರಿಂದಲೇ ಸಾಮಾನ್ಯ ಡಾಕ್ಟರುಗಳ ಒಂದು ಜಾಲ ಇದೆಯಂತೆ. ವಾರವಾರ ಎಷ್ಟು ಜನ ಜ್ವರದವರು ಬಂದರು ಅಂತ ಅವರು ಲೆಕ್ಕ ಕಳಿಸುತ್ತಾರೆ. ಕೆಲವರ ಮೂಗಿನ ಸ್ವಾಬೂ ಲ್ಯಾಬಿಗೆ ಹೋಗುತ್ತದೆ, ಯಾವ ವೈರಸ್ ಅಂತ ಗೊತ್ತಾಗುತ್ತದೆ. ಡಾಕ್ಟರೇ ಹೇಳಿದ್ದು. ನಮ್ಮ ಡಾಕ್ಟರ ಕೆಂಪು ಚುಕ್ಕೆ ಅದಕ್ಕಿಂತ ಯಾವುದರಲ್ಲಿ ಕಡಿಮೆ?

ಕೋವಿಡ್ ಕಾಲದಲ್ಲಿ ಜ್ವರ-ಕೆಮ್ಮಿನವರ ಪಟ್ಟಿ ಕೊಡಿ ಅಂತ ಖಾಸಗಿ ಕ್ಲಿನಿಕ್ಕುಗಳ ಬೆನ್ನು ಬಿದ್ದವರೂ ಈ ಅಧಿಕಾರಿಗಳೇ. ಔಷಧಿ ಅಂಗಡಿಯವರನ್ನೂ ಬಿಡಲಿಲ್ಲ. ಆಗ ಬೇಕಾಗಿದ್ದ ಲೆಕ್ಕ ಈಗ ಬೇಡವಾಯಿತೇ? 2023ರಲ್ಲಿ ಎಚ್3ಎನ್2 ಅನ್ನುವ ಫ್ಲೂ ವೈರಸ್‌ನಿಂದ ಹಾಸನ ಜಿಲ್ಲೆಯ ಹಿರಿಯರೊಬ್ಬರು ತೀರಿಕೊಂಡಾಗ ದೇಶವೆಲ್ಲ ಅದೇ ಸುದ್ದಿ. ಆವತ್ತು ಟಿವಿ ಮುಂದೆ ಕೂತು ನಮ್ಮ ಅತ್ತೆ ಹೆದರಿದ್ದು ನನಗಿನ್ನೂ ನೆನಪಿದೆ.

ಈ ಅಧಿಕಾರಿಗಳ ಕಥೆ ಹೊಸದಲ್ಲ. ಹೋದ ಮಳೆಗಾಲದಲ್ಲಿ ಡೆಂಗಿ ಬಂದಾಗ ಹೊಗೆ ಹಾಕುವ ಗಾಡಿ ಮುಖ್ಯರಸ್ತೆಯಲ್ಲಿ ಒಂದು ಸುತ್ತು ಹಾಕಿ ಹೋಯಿತು, ನಮ್ಮ ಅಡ್ಡರಸ್ತೆಗೆ ಬರಲೇ ಇಲ್ಲ. ಮೋರಿಯ ಚಪ್ಪಡಿ ಒಡೆದು ಎರಡು ವರ್ಷ. ಅರ್ಜಿ ಕೊಟ್ಟು ಕೊಟ್ಟು ನಮ್ಮ ಕೈ ಸೋತಿದೆ.

ಯಾರಾದರೂ ಬಂದು ಆ ನೋಟ್‌ಬುಕ್ ನೋಡಲಿ. ವಾರಕ್ಕೊಂದು ಸಲ ಒಂದು ಫೋನ್ ಮಾಡಿ ಕೇಳಿದರೂ ಆಗುತ್ತದೆ. ಸ್ವಾಬ್ ತೆಗೆಯುವ ವ್ಯವಸ್ಥೆ ಆಗಬೇಕು, ಮೋರಿಯೂ ಮುಚ್ಚಬೇಕು. ಏನೂ ಆಗದಿದ್ದರೆ ಆ ಹೇಳಿಕೆಯನ್ನಾದರೂ ವಾಪಸ್ ತೆಗೆದುಕೊಳ್ಳಲಿ. ಅತ್ತೆ ಇನ್ನೂ ಕೆಮ್ಮುತ್ತಿದ್ದಾರೆ. ಹೇಳಿಕೆ ಕೊಟ್ಟವರು ಒಂದು ರಾತ್ರಿ ಅವರ ಪಕ್ಕ ಕೂರಲಿ, ಆಮೇಲೆ ಗಾಬರಿ ಬೇಡ ಅಂತ ನಮಗೆ ಹೇಳಲಿ.

– ಬಡಾವಣೆಯ ನಿವಾಸಿ