ಭಾನುವಾರದ ಮಾತುಕತೆ: ರಾಜ ಲಿಯೋಪೋಲ್ಡ್ ಮತ್ತು ಕಾಂಗೋ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಗೂಗಲ್ ಮೀಟ್‌ನಲ್ಲಿ ಸೇರೋಣ, ಲಿಂಕ್ ಮಧ್ಯಾಹ್ನ ಇಲ್ಲೇ ಹಾಕುತ್ತೇನೆ. ಬೆಲ್ಜಿಯಂನ ರಾಜ ಎರಡನೇ ಲಿಯೋಪೋಲ್ಡ್ ಕಾಂಗೋವನ್ನು ಸ್ವಂತ ಆಸ್ತಿ ಮಾಡಿಕೊಂಡ ಕಥೆ ಈ ಸಲದ ವಿಷಯ.

1876ರಲ್ಲಿ ಬ್ರಸೆಲ್ಸ್‌ನಲ್ಲಿ ಸಭೆ ಕರೆದು, ಆಫ್ರಿಕಾದ ಗುಲಾಮರ ವ್ಯಾಪಾರ ನಿಲ್ಲಿಸೋಣ ಎಂದವನು ಇವನೇ. ಆಮೇಲೆ ಆಫ್ರಿಕಾ ಸುತ್ತಿದ್ದ ಅನ್ವೇಷಕ ಸ್ಟಾನ್ಲಿಯನ್ನು ಕಳಿಸಿ, ಅಲ್ಲಿನ ಮುಖಂಡರಿಗೆ ಓದಲು ಬಾರದ ಭಾಷೆಯ ಕರಾರುಗಳಿಗೆ ಗುರುತು ಹಾಕಿಸಿಕೊಂಡ. 1885ರಲ್ಲಿ ಅಷ್ಟು ದೊಡ್ಡ ನಾಡು ಅವನೊಬ್ಬನದಾಯಿತು, ಬೆಲ್ಜಿಯಂ ಸರ್ಕಾರದ್ದೂ ಅಲ್ಲ. ಅವನು ಒಮ್ಮೆಯೂ ಅಲ್ಲಿಗೆ ಕಾಲಿಡಲಿಲ್ಲ!

ನನ್ನನ್ನು ಜಾಸ್ತಿ ಕಾಡಿದ್ದು ಹಡಗು ಕಂಪನಿಯ ಗುಮಾಸ್ತ ಮೊರೆಲ್ ಆಂಟ್‌ವರ್ಪ್ ಬಂದರಿನಲ್ಲಿ ಕಂಡ ಲೆಕ್ಕ. ಕಾಂಗೋದಿಂದ ಬರುವ ಹಡಗಿನ ತುಂಬಾ ರಬ್ಬರ್, ಆನೆದಂತ. ವಾಪಸ್ ಹೋಗುವಾಗ ಹೆಚ್ಚಾಗಿ ಬಂದೂಕು, ಮದ್ದುಗುಂಡು. ಬದಲಿಗೆ ಸಾಮಾನೇ ಹೋಗುತ್ತಿಲ್ಲ ಅಂದರೆ ಆ ಜನಕ್ಕೆ ಕೂಲಿಯೇ ಇರಲಿಲ್ಲ, ಅಲ್ವಾ?

ದಯವಿಟ್ಟು ಗಮನಿಸಿ, 1904ರ ಒಂದು ಫೋಟೋ ತೋರಿಸುತ್ತೇನೆ. ಊರಿನವರು ತಂದೊಪ್ಪಿಸಬೇಕಿದ್ದ ರಬ್ಬರ್ ಸಾಲಲಿಲ್ಲವೆಂದು ರಬ್ಬರ್ ಕಂಪನಿಯ ಕಾವಲುಗಾರರು ಕೊಂದ ಪುಟ್ಟ ಮಗಳ ಕೈ ಮತ್ತು ಪಾದವನ್ನು ನೋಡುತ್ತಾ ಅಪ್ಪ ನ್ಸಾಲಾ ಜಗಲಿಯ ಮೇಲೆ ಕೂತಿದ್ದಾನೆ. ಆ ಹೊತ್ತಿಗೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಬೇಡಿ. ಸುಮ್ನೆ ಫಾರ್ವರ್ಡ್ ಕೂಡ ಮಾಡಬೇಡಿ.

ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ಮತ್ತೆ ಯುರೋಪಿನ ದೇಶಗಳು ಆಫ್ರಿಕಾದ ಮೇಲಿನ ಹಕ್ಕುಗಳ ಬಗ್ಗೆ ಚರ್ಚಿಸಿದ 1884-85ರ ಬರ್ಲಿನ್ ಸಭೆಯ ಬಗ್ಗೆ 10 ನಿಮಿಷ ಮಾತಾಡಲು ಒಬ್ಬರು ಬೇಕು. ಯಾರು ಒಪ್ಪಿಕೊಳ್ಳುತ್ತೀರಿ?